ಮಕ್ಕಳಿಗೆಂದು ಬರೆದಿಟ್ಟ ಪುಸ್ತಕ: ಸಕಲೇಶಪುರ ಕಡೆಯ ಒಂದು ಮನೆಯ ಪ್ರಕರಣ

ಹಾಸನ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಆರೈಕೆ ಮಾಡುವ ಒಂದು ತಂಡದಲ್ಲಿ ನಾನು ಆಪ್ತಸಮಾಲೋಚಕಿ. ವಾಸಿಯಾಗದ ಕಾಯಿಲೆ ಇರುವವರ ನೋವು ಕಡಿಮೆ ಮಾಡುವುದು, ಮನೆಯವರ ಜೊತೆ ಕೂತು ಮಾತಾಡುವುದು ನಮ್ಮ ಕೆಲಸ. ಚಿಕ್ಕ ಮಕ್ಕಳಿರುವ ಅಪ್ಪ ಅಮ್ಮಂದಿರಲ್ಲಿ ತುಂಬಾ ಜನ ಒಂದು ಮಾತು ಕೇಳುತ್ತಾರೆ: "ಮಕ್ಳಿಗೆ ಏನಾದ್ರೂ ಬರೆದಿಡ್ಲಾ ಮೇಡಂ?" ಬರೆದಿಡಿ ಎಂದೇ ಹೇಳುತ್ತೇನೆ. ಆದರೆ ಏನು ಬರೆಯುತ್ತಾರೆ, ಯಾರ ಜೊತೆ ಕೂತು ಬರೆಯುತ್ತಾರೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಈ ಪ್ರಕರಣದಲ್ಲಿ ಅದು ಕಣ್ಣಿಗೆ ಕಟ್ಟುವಂತೆ ಕಂಡಿತು. ಮನೆಯಾಕೆಯ ಮತ್ತು ಮಗಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಸಕಲೇಶಪುರ ತಾಲ್ಲೂಕಿನ ಒಬ್ಬ ಸಣ್ಣ ಬೆಳೆಗಾರರು. ವಯಸ್ಸು 44. ಅಣ್ಣನ ಜೊತೆ ಪಾಲಾದಾಗ ಬಂದ ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ, ಆಮೇಲೆ ಸ್ವಂತ ದುಡ್ಡಿನಲ್ಲಿ ಕೊಂಡ ಎರಡು ಎಕರೆ ಅರೇಬಿಕಾ. ನೆರಳಿನ ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ. ಹೆಂಡತಿ ಬೇಲೂರಿನ ಬಯಲು ಸೀಮೆ ಕಡೆಯವರು. ಮಗಳು ಒಂಬತ್ತನೇ ಕ್ಲಾಸು, ಮಗನಿಗೆ ಎಂಟು ವರ್ಷ. ಜೊತೆಗೆ ವಯಸ್ಸಾದ ತಾಯಿ. ಅಣ್ಣನ ಮನೆ ಅದೇ ಊರಿನ ಮೇಲಿನ ಕೇರಿಯಲ್ಲಿ.

2018ರ ಮಳೆಗಾಲ ಮಲೆನಾಡಿನವರಿಗೆ ಮರೆಯುವಂಥದ್ದಲ್ಲ. ಆ ಮಳೆ ಕಡಿಮೆಯಾಗುವ ಹೊತ್ತಿಗೆ ಇವರಿಗೆ ಹೊಟ್ಟೆನೋವು ಶುರುವಾಗಿತ್ತು. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿದಾಗ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಆಗಲೇ ಲಿವರ್‌ಗೆ ಹರಡಿದೆ ಎಂದು ಗೊತ್ತಾಯಿತು. ಕೀಮೋ ಸ್ವಲ್ಪ ದಿನ ನಡೆಯಿತು. ಸಂಕ್ರಾಂತಿ ಕಳೆದ ಮೇಲೆ ಅವರೇ ಸಾಕು ಎಂದರು. ನಮ್ಮ ತಂಡ ಹೋಗಲು ಶುರು ಮಾಡಿದ್ದು ಆಮೇಲೆ.

ಮೊದಲು ಆಗಬೇಕಿದ್ದದ್ದು ನೋವಿನ ಕೆಲಸ. ಬೆನ್ನಿಗೆ ಹೊಡೆಯುವ ಆ ನೋವಿನಲ್ಲಿ ಯಾರೂ ಮಕ್ಕಳ ಬಗ್ಗೆ ಸರಿಯಾಗಿ ಯೋಚಿಸಲಾರರು. ಮಾರ್ಫಿನ್ ಮಾತ್ರೆಯ ಪ್ರಮಾಣ ಸರಿಹೋಗಿ, ರಾತ್ರಿ ನಿದ್ದೆ ಬಂದು, ಬೆಳಿಗ್ಗೆ ಜಗಲಿಯಲ್ಲಿ ಕೂರುವಂತಾದ ಮೇಲೆ ಅವರು ದಿಂಬಿನ ಕೆಳಗಿದ್ದ ಲಾಂಗ್ ನೋಟ್‌ಬುಕ್ ತೆಗೆದು ತೋರಿಸಿದರು. ಆಗಲೇ ಅರ್ಧಕ್ಕಿಂತ ಜಾಸ್ತಿ ತುಂಬಿತ್ತು.

ಮೊದಲ ಪುಸ್ತಕ

ಅದರಲ್ಲಿದ್ದದ್ದು ಬಹುಪಾಲು ಕಟ್ಟಪ್ಪಣೆ. ಮಗ ಬಿ.ಎಸ್ಸಿ. ಅಗ್ರಿ ಓದಬೇಕು. ಮಗಳಿಗೆ ಇಪ್ಪತ್ತೈದರೊಳಗೆ ಮದುವೆ, ಅದೂ ನಮ್ಮ ಕಡೆಯಲ್ಲೇ. ಯಾವ ಕಾರಣಕ್ಕೂ ತೋಟ ಮಾರಬಾರದು. ಏನೇ ಬಂದರೂ ದೊಡ್ಡಪ್ಪನನ್ನು ಕೇಳಿ ಮುಂದುವರಿಯಬೇಕು. ಪ್ರತಿ ಹುಟ್ಟುಹಬ್ಬಕ್ಕೆ ತೆರೆಯಲು ಒಂದೊಂದು ಪತ್ರ, ಇಪ್ಪತ್ತೊಂದು ತುಂಬುವವರೆಗೆ. ಮಗಳ ಮದುವೆಯ ದಿನಕ್ಕೆ ಇನ್ನೊಂದು ಬರೆದಿಡುವ ಯೋಚನೆ.

ಬರೆದ ಮನಸ್ಸು ನನಗೆ ಅರ್ಥವಾಗುತ್ತಿತ್ತು. ತಾನು ಇರದ ವರ್ಷಗಳಿಗೆಲ್ಲ ಈಗಲೇ ಬೇಲಿ ಹಾಕಿ ಹೋಗಬೇಕು ಎನ್ನುವ ಆತುರ ಅದು. ಪ್ರೀತಿ ಇಲ್ಲದವರು ಹೀಗೆ ಬರೆಯುವುದಿಲ್ಲ.

ತಿರುವು ಬಂದದ್ದು ಹೆಂಡತಿಯಿಂದ. ಅವರು ಒಂದು ರಾತ್ರಿ ಪುಸ್ತಕ ಪೂರ್ತಿ ಓದಿದ್ದರು. ನಾನು ಹೋದಾಗ ಕಾಫಿ ತಂದಿಟ್ಟು ಅಲ್ಲೇ ಬಾಗಿಲಿಗೆ ಒರಗಿ ನಿಂತರು.

"ಎಲ್ಲಾ ಚೆನ್ನಾಗಿ ಬರ್ದಿದ್ದಾರೆ ಮೇಡಂ. ನಾನೇ ಎಲ್ಲೂ ಇಲ್ಲ."

ಗಂಡ ತಡಬಡಿಸಿದರು. "ನಿಂಗೆ ಭಾರ ಆಗ್ಬಾರ್ದು ಅಂತ ಅಣ್ಣನ್ ಮೇಲೆ ಹಾಕ್ದೆ ಕಣೇ."

"ಕೆಲ್ಸ ಭಾರ ಆಗಲ್ಲ ರೀ. ನನ್ ಮಕ್ಳಿಗೆ ಏನ್ ಹೇಳ್ಬೇಕು ಅಂತ ನಾನು ಇನ್ನೊಬ್ರನ್ನ ಕೇಳ್ಬೇಕಲ್ಲ, ಅದು ಭಾರ."

ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪುಸ್ತಕವನ್ನು ಮತ್ತೆ ತೆರೆದು ನೋಡಿದರೆ, "ಅಮ್ಮ" ಎನ್ನುವ ಮಾತು ಬಂದದ್ದು "ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಿ" ಎಂಬ ಒಂದೇ ಕಡೆ. ಅದೂ ಮಕ್ಕಳು ನೋಡಿಕೊಳ್ಳಬೇಕಾದವಳಾಗಿ. ಮಕ್ಕಳನ್ನು ಬೆಳೆಸುವವಳಾಗಿ ಅಲ್ಲ.

ಸಮಸ್ಯೆ ಎಲ್ಲಿತ್ತು

ಮಕ್ಕಳಿಗೆ ಬರೆದದ್ದನ್ನು ಮಕ್ಕಳು ಮಾತ್ರ ಓದುವುದಿಲ್ಲ. ಸತ್ತವರ ಕೈಬರಹಕ್ಕೆ ನಮ್ಮ ಮನೆಗಳಲ್ಲಿ ತೂಕ ಜಾಸ್ತಿ. "ಅಪ್ಪ ಬರೆದಿದ್ದಾರೆ" ಎಂದರೆ ಎದುರು ಮಾತಿಲ್ಲ. ಇಂಥ ಪುಸ್ತಕ ಯಾರ ಕೈಗೆ ಸಿಗುತ್ತದೋ ಅವರ ಮಾತು ನಡೆಯುತ್ತದೆ. ಉಳಿದು ಮಕ್ಕಳನ್ನು ಸಾಕುವವಳ ಮಾತು ಹಿಂದೆ ಬೀಳುತ್ತದೆ. ಎಂಟು ವರ್ಷದ ಹುಡುಗನಿಗೆ ಹದಿನೆಂಟರಲ್ಲಿ ಏನು ಓದುವ ಆಸೆ ಹುಟ್ಟುತ್ತದೆ, ಕಾಫಿಗೆ ಆಗ ಏನು ಬೆಲೆ ಇರುತ್ತದೆ, ಯಾರಿಗೆ ಗೊತ್ತು?

ಹುಟ್ಟುಹಬ್ಬದ ಪತ್ರಗಳ ಬಗ್ಗೆಯೂ ನನಗೆ ಹಿಂಜರಿಕೆ ಇತ್ತು, ಅದನ್ನು ಅವರಿಗೆ ಹೇಳಿದೆ. ಅವರಿಗೆ ಉಳಿದಿದ್ದ ಶಕ್ತಿಗೆ ಅಷ್ಟು ಪತ್ರ ಆಗುತ್ತಿರಲಿಲ್ಲ. ಬರೆದು ಮುಗಿಸಿದರೂ ಮಗು ಪ್ರತಿ ಹುಟ್ಟುಹಬ್ಬದ ದಿನ ಅಪ್ಪನ ಸಾವಿನ ಮುಂದೆ ಕೂರಬೇಕಾಗುತ್ತದೆ. ಕೊನೆಯ ಪತ್ರ ಓದಿ ಮುಗಿದ ದಿನ ಇನ್ನೊಂದು ಸಲ ಕಳೆದುಕೊಂಡಂತಾಗುತ್ತದೆ. ಮದುವೆ ದಿನದ ಪತ್ರ ಬರೆದಿಟ್ಟರೆ ಮದುವೆಯನ್ನೂ ಬರೆದಿಟ್ಟ ಹಾಗೆ. ಇದನ್ನೆಲ್ಲ ಕೇಳಿಸಿಕೊಂಡು, ಬರೆದಿದ್ದ ಎರಡು ಪತ್ರಗಳನ್ನು ಹೆಂಡತಿಗೆ ಕೊಟ್ಟರು. "ಯಾವಾಗ ಕೊಡ್ಬೇಕು ಅನ್ಸುತ್ತೋ ಆವಾಗ ಕೊಡು. ದಿನ ನೋಡ್ಬೇಡ."

ಏನು ಮಾಡಿದೆವು

ಮೂರು ಕೆಲಸಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಆಸ್ತಿಯ ವಿಷಯ, ತೋಟ ಮತ್ತು ಮನೆ ನಡೆಸುವ ವಿಷಯ, ಮಕ್ಕಳಿಗೆ ಹೇಳುವ ಮಾತು. ಇವನ್ನು ಬೇರೆ ಬೇರೆ ಮಾಡಿದ್ದೇ ಅರ್ಧ ಪರಿಹಾರವಾಯಿತು.

ಆಸ್ತಿಗೆ ವಕೀಲರು ಬಂದರು. ನೋಟ್‌ಬುಕ್ಕಿನಲ್ಲಿ ಬರೆದದ್ದು ವಿಲ್ ಆಗುವುದಿಲ್ಲ ಎಂದು ಮೊದಲೇ ಹೇಳಿದರು. ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆಯೂ ನಡೆಯುತ್ತದೆ. ಆದರೆ ಬರೆದವರ ಸಹಿ ಬೇಕು, ಕಡೇಪಕ್ಷ ಇಬ್ಬರು ಸಾಕ್ಷಿಗಳ ಸಹಿ ಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಅಷ್ಟು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ವಿಲ್ ಇಲ್ಲದೆ ಹೋದರೆ ಅವರ ಸ್ವಂತ ಆಸ್ತಿ ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿಗೆ ಸಮಪಾಲು ಎಂದಾಗ ಮನೆಯವರಿಗೆಲ್ಲ ಆಶ್ಚರ್ಯ. ಎಲ್ಲವೂ ತಾನಾಗಿ ಹೆಂಡತಿಗೆ ಬರುತ್ತದೆ ಎಂದೇ ನಂಬಿದ್ದರು. ಪಾಲಿನಿಂದ ಬಂದ ತೋಟದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ, 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು, ಅದರಲ್ಲಿ ನಿಮ್ಮ ಭಾಗವನ್ನು ಮಾತ್ರ ನೀವು ಬರೆಯಬಹುದು ಎಂದು ವಕೀಲರು ಬಿಡಿಸಿ ಹೇಳಿದರು. ಮೈನರ್ ಮಕ್ಕಳ ಪಾಲು ಮಾರುವ ಸಂದರ್ಭ ಬಂದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಬಹುದು ಎಂದೂ ಎಚ್ಚರಿಸಿದರು. ತಮ್ಮ ಭಾಗವನ್ನೂ ಸ್ವಂತವಾಗಿ ಕೊಂಡ ಎರಡು ಎಕರೆಯನ್ನೂ ಅವರು ಹೆಂಡತಿಯ ಹೆಸರಿಗೆ ಬರೆದು ವಿಲ್ ನೋಂದಣಿ ಮಾಡಿಸಿದರು. ತಾಯಿಯ ಖರ್ಚಿಗೆ ಮೆಣಸಿನ ಹಣದಲ್ಲಿ ವರ್ಷಕ್ಕೆ ಇಷ್ಟು ಎಂದು ಸೇರಿಸಿದರು. ವಿಮೆ ಮತ್ತು ಬ್ಯಾಂಕ್ ಖಾತೆಗಳ ನಾಮಿನಿ ಹೆಸರನ್ನೂ ಅದಕ್ಕೆ ಹೊಂದುವಂತೆ ಸರಿಮಾಡಿಸಿದರು. ಬ್ಯಾಂಕ್ ಖಾತೆಗೆ ನಾಮಿನಿಯಾದವರು ಹಣ ತೆಗೆದುಕೊಳ್ಳಬಹುದು, ಅಷ್ಟಕ್ಕೇ ಮಾಲೀಕರಾಗಿಬಿಡುವುದಿಲ್ಲ ಎನ್ನುವುದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ.

ಎರಡನೆಯದು ತೋಟದ ಪುಸ್ತಕ. ಇಲ್ಲಿ ಒಂದು ಒಳ್ಳೆಯ ತೀರ್ಮಾನವಾಯಿತು. ಅವರು ಹೇಳುವುದು, ಹೆಂಡತಿ ತಮ್ಮ ಕೈಯಲ್ಲಿ ಬರೆದುಕೊಳ್ಳುವುದು. ಸಲಹೆ ಹೆಂಡತಿಯದೇ. ಕಾಫಿ ಹಣ್ಣಿನ ಕೊಯ್ಲು ಅವರಿಗೆ ಗೊತ್ತಿತ್ತು, ಉಳಿದದ್ದು ಪೂರ್ತಿ ಗೊತ್ತಿರಲಿಲ್ಲ. ಬರೆಯುತ್ತಾ ಬರೆಯುತ್ತಾ ಪ್ರಶ್ನೆ ಕೇಳುತ್ತಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬರದಿದ್ದರೆ ರೋಬಸ್ಟಾಗೆ ಯಾವಾಗ ಸ್ಪ್ರಿಂಕ್ಲರ್ ಹಾಕಬೇಕು, ಹೂ ಬಿಟ್ಟ ಮೇಲೆ ಕೊಡುವ ಬ್ಯಾಕಿಂಗ್ ನೀರು ಎಷ್ಟು ದಿನಕ್ಕೆ, ಪೈಪಿನ ಯಾವ ವಾಲ್ವ್ ಕೈಕೊಡುತ್ತದೆ, ಎಲ್ಲ ಬಂತು. ಶಿಲೀಂಧ್ರ ರೋಗಕ್ಕೆ ಹೊಡೆಸುವ ಬೋರ್ಡೋ ದ್ರಾವಣದ ಪುಟವನ್ನು ನಾನು ನೋಡಿದ್ದೇನೆ:

"100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಬೇರೆ ಬೇರೆ ಕರಗಿಸಬೇಕು. ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕೋದು, ತಿರುಗಿಸಿ ಹಾಕ್ಬಾರ್ದು. ಕಬ್ಬಿಣದ ಕತ್ತಿ ಅದ್ದಿ ನೋಡೋದು. ಕೆಂಪಗೆ ಹತ್ತಿದ್ರೆ ಸುಣ್ಣ ಸಾಲ್ದು. ಮಳೆ ಹಿಡಿಯೋ ಮುಂಚೆ ಮೆಣಸಿಗೆ ಹೊಡೆಸಲೇಬೇಕು, ಇಲ್ಲಾಂದ್ರೆ ಬಳ್ಳಿ ಸೊರಗುತ್ತೆ."

ಆಳುಗಳಿಗೆ ಕೊಟ್ಟ ಅಡ್ವಾನ್ಸ್ ಲೆಕ್ಕ ಬರೆಯುವಾಗ ಹೆಂಡತಿ ಕೇಳಿದರು: "ಕೊಟ್ಟಿದ್ದಾಯ್ತು. ನೀವು ಯಾರಿಗಾದ್ರೂ ಸಹಿ ಹಾಕಿದ್ದೀರಾ?" ಒಬ್ಬ ಸ್ನೇಹಿತನ ಸಹಕಾರ ಸಂಘದ ಸಾಲಕ್ಕೆ ಅವರು ಜಾಮೀನು ನಿಂತಿದ್ದರು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ನೇಹಿತನನ್ನು ಕರೆಸಿ, ಬೇರೆ ಜಾಮೀನುದಾರರನ್ನು ಹಾಕಿಸುವ ಏರ್ಪಾಡು ಬದುಕಿದ್ದಾಗಲೇ ಆಯಿತು. ಈ ಒಂದು ಪ್ರಶ್ನೆಯನ್ನು ನಾನು ಈಗ ಪ್ರತಿ ಮನೆಯಲ್ಲೂ ಕೇಳುತ್ತೇನೆ.

ಮಕ್ಕಳಿಗೆ ಹೇಳುವ ಮಾತು

ಇಷ್ಟು ಹೊತ್ತಿಗೆ ಅವರ ಕೈ ಸೋತಿತ್ತು. ಕೆನಡಾದ ಮನೋವೈದ್ಯ ಹಾರ್ವೆ ಚೊಚಿನೊವ್ ರೂಪಿಸಿದ ಡಿಗ್ನಿಟಿ ಥೆರಪಿ ಎಂಬ ಒಂದು ಕ್ರಮವಿದೆ. ರೋಗಿಗೆ ಅವರ ಬದುಕಿನ ಬಗ್ಗೆ ಪ್ರಶ್ನೆ ಕೇಳಿ, ಮಾತನ್ನು ರೆಕಾರ್ಡ್ ಮಾಡಿ, ಬರಹಕ್ಕೆ ಇಳಿಸಿ, ಅವರಿಗೇ ಓದಿ ಹೇಳಿ, ತಿದ್ದಿಸಿ ಕೊಡುವುದು. ಅದನ್ನೇ ನಮಗೆ ಬೇಕಾದ ಹಾಗೆ ಸರಳ ಮಾಡಿಕೊಂಡೆವು. ಅವರ ಫೋನಿನಲ್ಲೇ ರೆಕಾರ್ಡಿಂಗ್. ಪಕ್ಕದಲ್ಲಿ ಹೆಂಡತಿ.

ಮಗಳಿಗೆ ಏನು ಓದಬೇಕು ಎಂದು ಹೇಳುವ ಬದಲು ನಿಮ್ಮ ಓದು ಹೇಗೆ ನಿಂತಿತು ಹೇಳಿ ಎಂದೆ. ಅವರು ಹಾಸನದಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅವರ ತಂದೆ ತೀರಿಕೊಂಡಿದ್ದರು. ತೋಟ ನೋಡಲು ವಾಪಸ್ ಬಂದವರು ಮತ್ತೆ ಕಾಲೇಜಿಗೆ ಹೋಗಲಿಲ್ಲ. ರೂಮಿನಲ್ಲಿ ಬಿಟ್ಟು ಬಂದ ಟ್ರಂಕನ್ನು ಸ್ನೇಹಿತರು ಬಸ್ಸಿಗೆ ಹಾಕಿ ಕಳಿಸಿದ್ದು, ಅದನ್ನು ಸುಮಾರು ದಿನ ತೆರೆಯದೇ ಇದ್ದದ್ದು, ಆಮೇಲೆ ಮೊದಲ ಸಲ ತಾನೇ ನಿಂತು ಕೊಯ್ಲು ಮಾಡಿಸಿದಾಗ ಆದ ಖುಷಿ, ಎಲ್ಲ ಹೇಳಿದರು. ಕೊನೆಗೆ ಅವರ ಬಾಯಿಂದಲೇ ಬಂತು: "ನನ್ನ ಓದನ್ನ ತೋಟ ನಿಲ್ಲಿಸ್ತು ಮಗಳೇ. ನಿನ್ನ ಓದನ್ನ ತೋಟ ನಿಲ್ಲಿಸೋದು ಬೇಡ." ಮೊದಲ ಪುಸ್ತಕದ ಯಾವ ಅಪ್ಪಣೆಯಲ್ಲೂ ಇಲ್ಲದ ಬಲ ಆ ಮಾತಿನಲ್ಲಿತ್ತು.

ಮಗನ ವಿಷಯ ಬೇರೆ ದಾರಿಯಲ್ಲಿ ಬಂತು. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಸಮೇತ ಮಳೆ ಬಂತಂತೆ. ಅಪ್ಪ ಜಗಲಿಯ ಅಂಚಿನಲ್ಲಿ ಕೂತಿದ್ದರು, ಇರಚಲು ಹೊಡೆಯುತ್ತಿತ್ತು. ಹುಡುಗ "ಒಳಗೆ ಬಾ ಅಪ್ಪ, ನೆನೀಬೇಡ" ಎಂದು ಕಿರುಚಿ ಅಳಲು ಶುರು ಮಾಡಿದ. ಸಮಾಧಾನವೇ ಆಗಲಿಲ್ಲ. ರಾತ್ರಿ ಅಮ್ಮ ಪಕ್ಕದಲ್ಲಿ ಮಲಗಿಸಿಕೊಂಡು ಕೇಳಿದಾಗ ಬಾಯಿಬಿಟ್ಟ. ಹಿಂದಿನ ಮಳೆಗಾಲದಲ್ಲಿ ಅವನು ಯಾರಿಗೂ ಹೇಳದೆ ತುಂಬಿ ಹರಿಯುತ್ತಿದ್ದ ಹಳ್ಳ ನೋಡಲು ಹೋಗಿದ್ದ. ಅಪ್ಪ ಹುಡುಕಿಕೊಂಡು ಬಂದು ಪೂರ್ತಿ ನೆಂದಿದ್ದರು. ಅದೇ ವಾರ ಜ್ವರ, ಆಮೇಲೆ ಹೊಟ್ಟೆನೋವು, ಆಮೇಲೆ ಬೆಂಗಳೂರು. ಅಷ್ಟೂ ತಿಂಗಳು ಈ ಕಾಯಿಲೆ ತನ್ನಿಂದಲೇ ಬಂತು ಎಂದು ಆ ಮಗು ಒಳಗೇ ಇಟ್ಟುಕೊಂಡಿತ್ತು.

ಈ ವಯಸ್ಸಿನ ಮಕ್ಕಳಿಗೆ ಸತ್ತವರು ತಿರುಗಿ ಬರುವುದಿಲ್ಲ ಎನ್ನುವುದು ಅರ್ಥವಾಗಿರುತ್ತದೆ. ಆದರೆ ಕಾರಣ ಹುಡುಕುವಾಗ ತಮ್ಮ ಮೇಲೆಯೇ ಹಾಕಿಕೊಳ್ಳುವುದುಂಟು. ಕೇಳದೆ ಹೇಳುವುದಿಲ್ಲ. ಅದಕ್ಕೇ ಮಕ್ಕಳಿಗೆ ಬರೆಯುವ ಯಾವ ಪತ್ರದಲ್ಲೂ "ಇದು ನಿನ್ನಿಂದ ಆದದ್ದಲ್ಲ" ಎನ್ನುವ ಮಾತು ಇರಲೇಬೇಕು ಎನ್ನುತ್ತೇನೆ.

ಅಪ್ಪ ಮಾರನೆಯ ದಿನವೇ ಮಗನನ್ನು ಕೂರಿಸಿಕೊಂಡು ಮಾತಾಡಿದರು. ಪತ್ರದಲ್ಲೂ ಸೇರಿಸಿದರು: "ಮಳೇಲಿ ನೆಂದ್ರೆ ಈ ಕಾಯಿಲೆ ಬರಲ್ಲ. ಡಾಕ್ಟ್ರನ್ನ ಕೇಳಿ ಹೇಳ್ತಿದ್ದೀನಿ. ಅವತ್ತು ಹಳ್ಳದ ಹತ್ರ ನೀನು ಸಿಕ್ಕಿದಾಗ ನಂಗೆ ಸಿಟ್ಟಿಗಿಂತ ಸಂತೋಷ ಜಾಸ್ತಿ ಆಗಿತ್ತು. ಬೈದಿದ್ದಷ್ಟೇ ನಿಂಗೆ ಕಂಡಿದ್ದು."

ಇನ್ನೊಂದು ಮಾತು ಇಬ್ಬರ ಪತ್ರದಲ್ಲೂ ಇತ್ತು. "ತೋಟ ಇಟ್ಕೊಳ್ಳೋದು ಬಿಡೋದು ಆವತ್ತಿನ ಸ್ಥಿತಿ ನೋಡಿ ನಿಮ್ಮಮ್ಮ ತೀರ್ಮಾನ ಮಾಡ್ತಾಳೆ. ಅವಳ ಮಾತೇ ನನ್ನ ಮಾತು. ಹಿಂದೆ ಬರೆದಿದ್ದನ್ನ ನಾನು ಬಿಟ್ಟಿದ್ದೀನಿ." ಕೆಳಗೆ ತಾರೀಖು, ಸಹಿ. ಹಳೆಯ ನೋಟ್‌ಬುಕ್ಕನ್ನು ಅವರೇ ಒಲೆಗೆ ಹಾಕಿಸಿದರು. 2019ರ ಜೂನ್ ಕೊನೆಯಲ್ಲಿ, ಮನೆಯಲ್ಲೇ ತೀರಿಕೊಂಡರು.

ಆಮೇಲೆ ಆದದ್ದು

ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು, ಹೆಚ್ಚು ತಂಟೆಯಿಲ್ಲದೆ ಆಯಿತು. ತೋಟದ ಪುಸ್ತಕ ಮೊದಲ ವರ್ಷ ದಿನಾ ಕೈಯಲ್ಲಿತ್ತು, ಎರಡನೇ ವರ್ಷಕ್ಕೆ ಅಂಚಿನಲ್ಲೆಲ್ಲ ಹೆಂಡತಿಯ ಟಿಪ್ಪಣಿಗಳು ಬಂದಿದ್ದವು. ಗಂಡ ಹೇಳಿದ್ದಕ್ಕಿಂತ ಬೇರೆ ಥರ ಮಾಡಿದ್ದು, ಅದು ಫಲಿಸಿದ್ದು, ಕೆಲವು ಫಲಿಸದಿದ್ದದ್ದು.

ತೊಡಕು ಬಂದದ್ದು 2022ರಲ್ಲಿ. ಮಗಳು ಪಿಯುಸಿ ಮುಗಿಸಿ ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಲು ಹೊರಟಳು. ಫೀಸು, ಹಾಸ್ಟೆಲ್ ಸೇರಿ ದೊಡ್ಡ ಮೊತ್ತ. ಆ ಎರಡು ಎಕರೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹುಳು ಬಿದ್ದು ಗಿಡ ಕಿತ್ತು ಕಿತ್ತು ಸುಡುತ್ತಿದ್ದರು. ಅದನ್ನು ಮಾರುತ್ತೇನೆ ಎಂದರು ಮಕ್ಕಳ ತಾಯಿ. ಅವರ ಭಾವ, ಅಂದರೆ ಗಂಡನ ಅಣ್ಣ, ಸಿಟ್ಟಾದರು. "ತೋಟ ಮಾರ್ಬಾರ್ದು ಅಂತ ತಮ್ಮನೇ ಬರ್ದಿದ್ದ. ಬೆಂಗ್ಳೂರಿಗೆ ಹೋಗ್ತಾ ಕಾರಲ್ಲಿ ನಂಗೆ ಓದಿ ಹೇಳಿದ್ದ."

ಅವರು ಹೇಳಿದ್ದು ನಿಜ. ಮೊದಲ ಪುಸ್ತಕದ ಆ ಪುಟಗಳನ್ನು ತಮ್ಮ ಅಣ್ಣನಿಗೆ ಓದಿದ್ದರು. ಮನಸ್ಸು ಬದಲಾಯಿಸಿದ್ದನ್ನು ಮಾತ್ರ ಯಾರೂ ಅಣ್ಣನಿಗೆ ಹೇಳಿರಲಿಲ್ಲ. ಮೂರು ವರ್ಷ ಅವರು ತಮ್ಮನ ಕೊನೆಯ ಮಾತು ಅದೇ ಎಂದು ನಂಬಿ, ಅದನ್ನು ಕಾಯುವುದು ತನ್ನ ಹೊಣೆ ಎಂದುಕೊಂಡಿದ್ದರು.

ಕಾನೂನಿನಲ್ಲಿ ಜಗಳಕ್ಕೆ ಜಾಗವಿರಲಿಲ್ಲ. ಆ ಎರಡು ಎಕರೆ ವಿಲ್ ಪ್ರಕಾರ ಮಕ್ಕಳ ತಾಯಿಯದು. ಮಕ್ಕಳ ಪಾಲು ಅದರಲ್ಲಿ ಇರದ ಕಾರಣ ಕೋರ್ಟಿನ ಪ್ರಶ್ನೆಯೂ ಏಳಲಿಲ್ಲ. ಆದರೆ ವಿಲ್ ಪ್ರತಿ ಎದುರಿಗೆ ಹಿಡಿದರೆ ಸಂಬಂಧ ಕಡಿದುಹೋಗುತ್ತಿತ್ತು. ಮಗಳು ಅದನ್ನು ತರಲಿಲ್ಲ. ದೊಡ್ಡಪ್ಪನ ಪಕ್ಕ ಕೂತು ಅಪ್ಪನ ರೆಕಾರ್ಡಿಂಗ್ ಹಾಕಿದಳು. ಓದು ನಿಂತ ಕಥೆ ಇರುವ ಭಾಗ. ಕಾಲೇಜು ಬಿಟ್ಟು ಬಂದ ತಮ್ಮನನ್ನು ಆಗ ಬಸ್ ಸ್ಟ್ಯಾಂಡಿನಿಂದ ಕರೆತಂದವರು ಈ ಅಣ್ಣನೇ. ಕೇಳಿದರು, ಎದ್ದು ಹೋದರು. ಕೆಲವು ತಿಂಗಳು ಈ ಮನೆಗೆ ಬರಲಿಲ್ಲ. ಮಾರಾಟ ನಡೆಯಿತು, ಅಡ್ಡ ಬರಲಿಲ್ಲ. ಮುಂದಿನ ಕೊಯ್ಲಿಗೆ ಆಳು ಸಾಲದಾಗ ತಾವಾಗಿಯೇ ಜನ ಕಳಿಸಿದರು.

ಇನ್ನೂ ಒಂದು ಹೇಳಬೇಕು. ಎರಡು ವರ್ಷ ಕಳೆಯುವುದರೊಳಗೆ ಕಾಫಿ ಬೆಲೆ ಯಾರೂ ಎಣಿಸದಷ್ಟು ಏರಿತು. ಇಟ್ಟುಕೊಂಡಿದ್ದರೆ ಎನ್ನುವ ಮಾತು ಊರಲ್ಲಿ ಬಂತು, ಭಾವನ ಬಾಯಲ್ಲೂ ಬಂತು. ತಾಯಿ ಅಲ್ಲಗಳೆಯಲಿಲ್ಲ. "ಹೌದು ಭಾವ. ಆದ್ರೆ ಫೀಸು ಕಟ್ಟೋ ದಿನ ಅದು ಗೊತ್ತಿರ್ಲಿಲ್ಲ" ಎಂದರಂತೆ. ನಷ್ಟವಾಯಿತೋ ಲಾಭವಾಯಿತೋ ಎಂದು ನೋಡಿ ಈ ತೀರ್ಮಾನವನ್ನು ಅಳೆಯುವುದು ಸರಿಯಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತೀರ್ಮಾನ ಮಾಡಬೇಕಾದ ದಿನ ಅವರಿಗೆ ಮಾಡುವ ಅಧಿಕಾರ ಇತ್ತು, ತಪ್ಪಿತಸ್ಥ ಭಾವನೆ ಇರಲಿಲ್ಲ. ಮೊದಲ ಪುಸ್ತಕ ಉಳಿದಿದ್ದರೆ ಮಗಳ ಓದು ಅಪ್ಪನ ಮಾತಿಗೆ ಎದುರಾಗಿ ನಿಲ್ಲುತ್ತಿತ್ತು.

ನಮ್ಮ ಕೆಲಸದಲ್ಲಿ ಏನು ಬದಲಾಯಿತು

ಈಗ ಗಂಡ ಹೆಂಡತಿ ಇಬ್ಬರನ್ನೂ ಕೂರಿಸದೆ ಮಕ್ಕಳ ಪತ್ರದ ಮಾತೇ ಎತ್ತುವುದಿಲ್ಲ. ಬರೆದದ್ದನ್ನು ಯಾರಿಗೆಲ್ಲ ಓದಿ ಹೇಳಿದ್ದೀರಿ ಎಂದು ಕೇಳುತ್ತೇವೆ. ಬದಲಾಯಿಸಿದರೆ ಅವರಿಗೆಲ್ಲ ರೋಗಿಯ ಬಾಯಿಂದಲೇ ಹೇಳಿಸುತ್ತೇವೆ. ಪುಸ್ತಕ ಸುಟ್ಟರೂ ಕೇಳಿದವರ ಕಿವಿಯಲ್ಲಿ ಅದು ಉಳಿದಿರುತ್ತದಲ್ವಾ? ಪ್ರತಿ ಹಾಳೆಗೂ ತಾರೀಖು ಹಾಕಿಸುತ್ತೇವೆ. ಮಕ್ಕಳು ಮುಂದೆ ಏನಾಗಬೇಕು ಎಂಬ ವಾಕ್ಯ ಬಂದಾಗ, ನಿಮಗೆ ಹಾಗೆ ಅನ್ನಿಸಲು ಕಾರಣವಾದ ಸಂಗತಿ ಹೇಳಿ ಎನ್ನುತ್ತೇವೆ. ಅಪ್ಪಣೆಯಲ್ಲಿ ಮಗುವಿಗೆ ಅಪ್ಪ ಸಿಗುವುದಿಲ್ಲ. ಆ ಸಂಗತಿಯಲ್ಲಿ ಸಿಗುತ್ತಾನೆ. ಫೋನಿನ ರೆಕಾರ್ಡಿಂಗನ್ನು ಬೇರೆ ಎರಡು ಕಡೆಯಾದರೂ ಉಳಿಸುತ್ತೇವೆ. ಫೋನು ಮಳೆಗಾಲ ದಾಟದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ.

ತಾಯಿ ಈಚೆಗೆ ಫೋನ್ ಮಾಡಿದ್ದರು. ಅವರಿಗೆ ಕಾಯಿಲೆ ಏನಿಲ್ಲ. ಮಗನಿಗೆ ಇನ್ನೂ ಹದಿನೆಂಟು ತುಂಬಿಲ್ಲ, ತನಗೇನಾದರೂ ಆದರೆ ಯಾರು ಎನ್ನುವ ಪ್ರಶ್ನೆ. ತಂದೆ ಇಲ್ಲದಾಗ ತಾಯಿ ವಿಲ್‌ನಲ್ಲಿ ಮಗುವಿಗೆ ಪೋಷಕರನ್ನು ನೇಮಿಸಬಹುದು, 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ ಎಂದು ಅದೇ ವಕೀಲರು ತಿಳಿಸಿದ್ದರು. ತಾಯಿ ತಮ್ಮ ತಂಗಿಯ ಹೆಸರು ಬರೆಯಲು ತೀರ್ಮಾನಿಸಿದ್ದರು. ಬರೆಯುವ ಮೊದಲು ಭಾವನ ಮನೆಗೆ ಹೋಗಿ, ಅವರೆದುರು ಓದಿದ್ದರು. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ. ತೋಟದ ಕೆಲ್ಸ ಹುಡುಗನಿಗೆ ಹೇಳ್ಕೊಡೋದು ನಾನು ಅಂತ ಒಂದು ಮಾತು ಹಾಕು" ಎಂದರಂತೆ. ಅದು ವಿಲ್‌ಗೆ ಸೇರುವ ಮಾತಲ್ಲ ಎಂದು ವಕೀಲರು ಹೇಳಿದ್ದಕ್ಕೆ, ಮಗನಿಗೆ ಬರೆಯುತ್ತಿರುವ ಪತ್ರದಲ್ಲಿ ಸೇರಿಸಿದ್ದಾರೆ.